ದುರುಗುಟ್ಟಿ ನೋಡುವ ಲೋಟ

ಟೋಕಿಯೊದ ಪೂರ್ವ ಭಾಗದಲ್ಲಿ, ಎದೊಗಾವಾ ವಾರ್ಡಿಗೆ ಸೇರಿದ ನಿಶಿ-ಕಸಾಯಿ ಎಂಬ ಬಡಾವಣೆಯಲ್ಲಿ ಭಾರತೀಯ ಸಂಸಾರಗಳು ಬಹಳ. ಹಾಸನದ ಕಡೆಯಿಂದ ಬಂದು ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ನೆಲೆಸಿರುವ ಮಹಿಳೆಯೊಬ್ಬರು 2024ರ ಜುಲೈ ತಿಂಗಳಿನಲ್ಲಿ ಒಂದು ಫಿಲ್ಟರ್ ಕಾಫಿ ಅಂಗಡಿ ತೆರೆಯುವ ತಯಾರಿಯಲ್ಲಿದ್ದರು. ಎಂಟು ಜನ ಕೂತರೆ ತುಂಬಿಹೋಗುವ ಜಾಗ. ಆ ಅಂಗಡಿಗೊಂದು ತೆನುಗುಯಿಯನ್ನು ವಿನ್ಯಾಸ ಮಾಡಿಕೊಡಬೇಕೆಂದು ಅವರು ನನ್ನನ್ನು ಕೇಳಿದರು. ತೆನುಗುಯಿ ಎಂದರೆ ಸುಮಾರು 35 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ತೆಳ್ಳನೆಯ ಹತ್ತಿ ಬಟ್ಟೆ. ನಮ್ಮ ಹೆಗಲ ಮೇಲಿನ ಟವೆಲ್ಲಿಗೆ ದೂರದ ನೆಂಟ. ಅಂಚನ್ನು ಹೊಲಿಯದೆ ಬಿಡುವುದರಿಂದ ಬೇಗ ಒಣಗುತ್ತದೆ. ಮೊದಲ ನಾಲ್ಕಾರು ಒಗೆತಗಳಲ್ಲಿ ತುದಿಯ ಎಳೆಗಳು ಬಿಟ್ಟುಕೊಂಡು ಆಮೇಲೆ ತಾವಾಗಿಯೇ ನಿಲ್ಲುತ್ತವೆ. ಜಪಾನಿನಲ್ಲಿ ಇದನ್ನು ಕೈ ಒರೆಸುವುದಕ್ಕೂ, ತಲೆಗೆ ಸುತ್ತಿಕೊಳ್ಳುವುದಕ್ಕೂ, ಊಟದ ಡಬ್ಬಿ ಕಟ್ಟುವುದಕ್ಕೂ, ಚಿತ್ರ ಚೆನ್ನಾಗಿದ್ದರೆ ಗೋಡೆಗೆ ತೂಗುಹಾಕುವುದಕ್ಕೂ ಬಳಸುತ್ತಾರೆ.

ಅವರು ಕೊಟ್ಟ ಸೂಚನೆ ಚಿಕ್ಕದಾಗಿತ್ತು. ‘ಆ ನಗುವ ಹೂವುಗಳು ಇವೆಯಲ್ಲ, ಆ ಥರ ಏನಾದರೂ ಮಾಡಿಕೊಡಿ. ನೋಡಿದ ಕೂಡಲೇ ಈಗಿನ ಜಪಾನ್ ಅನ್ನಿಸಬೇಕು, ಕಾಫಿಯೂ ಕಾಣಬೇಕು.’

ನಗುವ ಹೂವು ಎಂದರೆ ಈ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹನ್ನೆರಡು ದಳ, ನಡುವೆ ಬಾಯ್ತೆರೆದು ನಗುವ ದುಂಡು ಮುಖ, ಒಂದಕ್ಕೊಂದು ಅಂಟಿಕೊಂಡು ಕ್ಯಾನ್ವಾಸಿನ ಅಂಚಿನವರೆಗೂ ತುಂಬಿಕೊಳ್ಳುವ ಆ ಹೂಗಳು ಜಪಾನಿನ ಕಲಾವಿದ ತಕಾಶಿ ಮುರಾಕಾಮಿಯವರವು. ನಾನು ಮೂರು ದಿನ ಕುಳಿತು ಕಾಫಿಯ ಹೂವಿಗೆ ಅಂಥದೇ ಒಂದು ನಗುಮುಖ ಬರೆದೆ. ತೋಟದಲ್ಲಿ ಅರಳುವ ಕಾಫಿ ಹೂವು ಅಚ್ಚ ಬಿಳಿ. ನನ್ನ ಹೂವಿಗೆ ಹನ್ನೊಂದು ಬಣ್ಣ. ಅಂಗಡಿಯ ಒಡತಿಗೆ ಅದು ತುಂಬ ಇಷ್ಟವಾಯಿತು. ನಾನು ಕೆಲಸ ಮಾಡುವ ಸ್ಟುಡಿಯೋದ ಹಿರಿಯರೊಬ್ಬರು ಮಾತ್ರ ಅದನ್ನು ಬಹಳ ಹೊತ್ತು ನೋಡಿ, ಇದನ್ನು ಮುರಾಕಾಮಿ-ಸಾನ್ ಅವರಿಗೆ ತೋರಿಸುವ ಧೈರ್ಯ ನಿಮಗಿದೆಯೆ ಎಂದು ಮೆಲ್ಲಗೆ ಕೇಳಿದರು. ಜಪಾನಿನ ಕಚೇರಿಯಲ್ಲಿ ಇದಕ್ಕಿಂತ ಕಟುವಾದ ಟೀಕೆಯನ್ನು ನಾನು ಕೇಳಿಲ್ಲ. ತಮ್ಮ ‘ಮಿಸ್ಟರ್ ಡಾಬ್’ ಎಂಬ ಪಾತ್ರವನ್ನು ಹೋಲುವ ಚಿತ್ರವನ್ನು ಬಳಸಿತೆಂದು ಮಕ್ಕಳ ಉಡುಪಿನ ಕಂಪನಿಯೊಂದರ ಮೇಲೆ ಮುರಾಕಾಮಿಯವರು ಹೂಡಿದ್ದ ದಾವೆ 2006ರಲ್ಲಿ ರಾಜಿಯಾಗಿ, ಆ ಕಂಪನಿ ಹಣ ತೆತ್ತ ಸಂಗತಿಯನ್ನೂ ಅವರು ನೆನಪಿಸಿದರು. ಡಾಬ್‌ನ ದುಂಡು ಕಿವಿಗಳೇ ಮಿಕ್ಕಿ ಮೌಸನ್ನು ನೆನಪಿಸುತ್ತವೆ ಎಂಬ ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಕಾಫಿ ಅಂಗಡಿಯ ಟವೆಲ್ಲಿಗಾಗಿ ಅಂಥ ವಾದಕ್ಕೆ ಇಳಿಯುವುದು ನನಗೆ ಸರಿಯೆನಿಸಲಿಲ್ಲ. ಹನ್ನೊಂದು ಬಣ್ಣದ ಹೂವನ್ನು ಅಳಿಸಿಹಾಕಿ, ಒಡತಿಯಿಂದ ನಾಲ್ಕು ತಿಂಗಳ ಕಾಲಾವಕಾಶ ಕೇಳಿಕೊಂಡೆ.

ಆಗಸ್ಟಿನಲ್ಲಿ, ಕ್ಯೋಟೊ ಬೇಯುತ್ತಿದ್ದ ದಿನಗಳಲ್ಲಿ, ಅಲ್ಲಿನ ಕ್ಯೋಸೆರಾ ಕಲಾ ಸಂಗ್ರಹಾಲಯಕ್ಕೆ ಹೋದೆ. ಆ ವರ್ಷದ ಫೆಬ್ರವರಿಯಿಂದ ಸೆಪ್ಟೆಂಬರ್ 1ರವರೆಗೆ ಅಲ್ಲಿ ಮುರಾಕಾಮಿಯವರ ದೊಡ್ಡ ಪ್ರದರ್ಶನವೊಂದು ನಡೆಯುತ್ತಿತ್ತು. 1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಈ ಕಲಾವಿದ ಕಾಮಿಕ್ಸ್ ಬರೆಯುವವರ ಗುಂಪಿನಿಂದ ಬಂದವರೆಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅವರು ಓದಿದ್ದು ನಿಹೊಂಗಾ, ಅಂದರೆ ಖನಿಜದ ಪುಡಿಬಣ್ಣಗಳನ್ನು ಅಂಟಿನಲ್ಲಿ ಕಲಸಿ ಕಾಗದ ಅಥವಾ ರೇಷ್ಮೆಯ ಮೇಲೆ ಬರೆಯುವ ಸಾಂಪ್ರದಾಯಿಕ ಶೈಲಿ. 1993ರಲ್ಲಿ ಅದರಲ್ಲಿಯೇ ಡಾಕ್ಟರೇಟ್ ಪಡೆದರು. ಹೂವಿನ ಕಥೆಯೂ ಅಲ್ಲಿಂದಲೇ ಶುರುವಾಗುತ್ತದೆ. ಕಲಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗಾಗಿ ಎರಡು ವರ್ಷ ದಿನವೂ ಹೂವು ಬರೆದರು. ಮುಂದೆ ಹೊಟ್ಟೆಪಾಡಿಗಾಗಿ ಒಂಬತ್ತು ವರ್ಷ ಪರೀಕ್ಷಾ ತರಬೇತಿ ಶಾಲೆಯಲ್ಲಿ ಮೇಷ್ಟರಾಗಿ, ಎರಡು ದಿನಕ್ಕೊಮ್ಮೆ ಹೂವು ಕೊಂಡು ತಂದು ವಿದ್ಯಾರ್ಥಿಗಳಿಂದ ಬರೆಸಿದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಆ ನಗುಮುಖದ ಬೆನ್ನಿಗೆ ಹನ್ನೊಂದು ವರ್ಷಗಳ ಬೇಸರದ ಅಭ್ಯಾಸವಿತ್ತು. ನನ್ನ ಕಾಫಿ ಹೂವಿನ ಬೆನ್ನಿಗೆ ಇದ್ದುದು ಮೂರು ದಿನ.

ಆ ಪ್ರದರ್ಶನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೂವುಗಳಲ್ಲ. 17ನೆಯ ಶತಮಾನದ ಇವಾಸಾ ಮಾತಾಬೇ ಎಂಬ ಚಿತ್ರಕಾರ ಮಡಿಸುವ ಪರದೆಗಳ ಮೇಲೆ ಬರೆದ ಕ್ಯೋಟೊ ನಗರದ ಚಿತ್ರವನ್ನು ಮುರಾಕಾಮಿಯವರು ಭಾರಿ ಗಾತ್ರದಲ್ಲಿ ಮತ್ತೆ ಬರೆದಿದ್ದರು. ಬೀದಿಗಳು, ಮಾಡುಗಳು, ಸಂತೆ, ಜಗಳ, ಮೆರವಣಿಗೆ, ಈ ಜನಜಂಗುಳಿಯ ನಡುವೆ ಅಲ್ಲಲ್ಲಿ ಅಡಗಿ ಕುಳಿತ ಅವರ ಪಾತ್ರಗಳು, ಇವೆಲ್ಲದರ ಮೇಲೆ ಹರಡಿದ ಚಿನ್ನದ ಮೋಡಗಳು. ಹಳೆಯ ಪರದೆ ಚಿತ್ರಗಳಲ್ಲಿ ಈ ಮೋಡ ಅಲಂಕಾರಕ್ಕೆ ಮಾತ್ರ ಬಂದದ್ದಲ್ಲ. ಚಿತ್ರಕಾರನಿಗೆ ಬೇಡವಾದುದನ್ನು ಅದು ಮುಚ್ಚುತ್ತದೆ; ದೂರದ ಎರಡು ಬೀದಿಗಳನ್ನು ಮಗ್ಗುಲಲ್ಲಿ ತಂದು ಕೂರಿಸುತ್ತದೆ; ನೋಡುವವರ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವುದಕ್ಕೆ ದಾರಿ ಮಾಡಿಕೊಡುತ್ತದೆ. ಬಿಳಿಯ ಬಟ್ಟೆಯ ಮೇಲೆ ಕಾಫಿಯ ನೊರೆ ಇದೇ ಕೆಲಸ ಮಾಡಬಹುದಲ್ಲವೆ ಎಂಬ ಯೋಚನೆ ಅಲ್ಲಿಯೇ ಹೊಳೆದು, ಟಿಕೆಟ್ಟಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡೆ.

ಹಿಂದಿರುಗಿದ ಮೇಲೆ ‘ಸೂಪರ್‌ಫ್ಲ್ಯಾಟ್’ ಎಂಬ ಅವರ ಸಿದ್ಧಾಂತವನ್ನು ಗಮನವಿಟ್ಟು ಓದಿದೆ. 2000ದಲ್ಲಿ ಟೋಕಿಯೊದಲ್ಲಿ ಅದೇ ಹೆಸರಿನ ಪ್ರದರ್ಶನ ಮತ್ತು ಪುಸ್ತಕ ಬಂದವು. ಮರುವರ್ಷ ಪ್ರದರ್ಶನ ಲಾಸ್ ಏಂಜಲೀಸಿಗೂ ಹೋಯಿತು. ಆ ಹೆಸರನ್ನು ಕನ್ನಡಿಸಲು ಹೋಗಿ ಸೋತೆ. ‘ಚಪ್ಪಟೆ’ ಎಂದ ಕೂಡಲೇ ನಮ್ಮ ಭಾಷೆಯಲ್ಲಿ ಏನೋ ಜಜ್ಜಿಹೋದ ಚಿತ್ರವೇ ಮೂಡುತ್ತದೆ. ಅವರು ಹೇಳುವ ಸಮತಟ್ಟು ಬೇರೆ ಬಗೆಯದು. ಕಲಾ ಇತಿಹಾಸಕಾರ ನೊಬುಒ ತ್ಸುಜಿಯವರು ಎದೊ ಕಾಲದ (1603–1868) ವಿಲಕ್ಷಣ ಚಿತ್ರಕಾರರನ್ನು ಕುರಿತು 1970ರಲ್ಲಿ ತಂದ ಪುಸ್ತಕದಿಂದ ಮುರಾಕಾಮಿಯವರು ಬಹಳಷ್ಟನ್ನು ಪಡೆದಿದ್ದಾರೆ. ಆ ಚಿತ್ರಕಾರರಲ್ಲೊಬ್ಬ ಕಾನೊ ಸಾನ್ಸೆತ್ಸು. ಅವನು 1646ರಲ್ಲಿ ಕ್ಯೋಟೊದ ದೇವಾಲಯವೊಂದರ ಜಾರುಬಾಗಿಲುಗಳ ಮೇಲೆ ಬರೆದ ಹಳೆಯ ಪ್ಲಮ್ ಮರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಆ ಮರದ ಕೊಂಬೆ ಬೆಳೆಯುವುದಿಲ್ಲ, ಮುರಿಯುತ್ತ ಹೋಗುತ್ತದೆ: ಮೇಲೇರಿ, ತಟ್ಟನೆ ಬಾಗಿ, ಕೆಳಗಿಳಿದು, ಮತ್ತೆ ಅಡ್ಡಡ್ಡ ಹೊರಟು, ನಾಲ್ಕು ಬಾಗಿಲುಗಳ ಉದ್ದಕ್ಕೂ ನೋಟವನ್ನು ಸೊಟ್ಟಸೊಟ್ಟವಾಗಿ ಎಳೆದೊಯ್ಯುತ್ತದೆ. ಆಳವಿಲ್ಲದ ಚಿತ್ರದಲ್ಲಿ ಕಣ್ಣು ಒಳಗೆ ಹೋಗಲಾರದು. ಆದ್ದರಿಂದ ಅದು ಮೇಲ್ಮೈಯ ಮೇಲೆಯೇ ಓಡಾಡಬೇಕು, ಓಡಾಡಿಸುವುದೇ ಚಿತ್ರಕಾರನ ಕೌಶಲ. ಆನಿಮೇಷನ್ ಕಲಾವಿದ ಯೊಶಿನೊರಿ ಕಾನಾದಾ ಬರೆದ ಸ್ಫೋಟದ ದೃಶ್ಯಗಳಲ್ಲಿಯೂ ಮುರಾಕಾಮಿಯವರು ಕಂಡದ್ದು ಇದೇ ಓಟವನ್ನು.

90 ಸೆಂ.ಮೀ. ಉದ್ದದ ಬಟ್ಟೆಗೆ ಇದಕ್ಕಿಂತ ಹೊಂದುವ ಪಾಠ ನನಗೆ ಬೇರೆಲ್ಲಿಯೂ ಸಿಗುತ್ತಿರಲಿಲ್ಲ. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಎತ್ತಿ ಹೊಯ್ಯುವ ಕಾಫಿಯ ಧಾರೆ ಸಾನ್ಸೆತ್ಸುವಿನ ಕೊಂಬೆಯಂತೆಯೇ ಮುರಿಮುರಿದು ಎಡದಿಂದ ಬಲಕ್ಕೆ ಸಾಗುವುದು, ಅದು ತಿರುಗುವ ಕಡೆಗಳಲ್ಲೆಲ್ಲ ನೊರೆಯ ಮೋಡ ಕವಿಯುವುದು. ಇಷ್ಟು ಸೆಪ್ಟೆಂಬರಿನ ಹೊತ್ತಿಗೆ ಕಾಗದದ ಮೇಲೆ ಬಂದಿತ್ತು.

ಈ ನಡುವೆ, ಅಂಗಡಿಯ ಟವೆಲ್ಲಿಗೆ ಇಷ್ಟೊಂದು ಕಲಾ ಚರಿತ್ರೆ ಏಕೆಂದು ಸ್ನೇಹಿತರೊಬ್ಬರು ನಕ್ಕರು. ಇದೇ ಕಲಾವಿದರನ್ನು ಓದಿದ್ದರಿಂದ ಆ ನಗೆಗೆ ನನ್ನ ಬಳಿ ಉತ್ತರವಿತ್ತು. ‘ಬಿಜುತ್ಸು’ ಎಂಬ, ಲಲಿತಕಲೆಗೆ ಜಪಾನಿನಲ್ಲಿ ಈಗ ಸಲ್ಲುವ ಪದವನ್ನು ಹುಟ್ಟಿಸಿದ್ದೇ 1873ರ ವಿಯೆನ್ನಾ ಜಾಗತಿಕ ಪ್ರದರ್ಶನಕ್ಕೆ ಸಾಮಾನು ಕಳಿಸುವ ಸಂದರ್ಭದಲ್ಲಿ. ಅದಕ್ಕೂ ಮುಂಚೆ ಬಾಗಿಲು, ಬೀಸಣಿಗೆ, ಉಡುಪು, ಪರದೆ, ಇವುಗಳ ಮೇಲಿನ ಚಿತ್ರಕ್ಕೂ ‘ಶುದ್ಧ’ ಚಿತ್ರಕ್ಕೂ ನಡುವೆ ಪಶ್ಚಿಮದಲ್ಲಿದ್ದಂಥ ಗೋಡೆ ಇಲ್ಲಿರಲಿಲ್ಲ. ಮುರಾಕಾಮಿಯವರು 2003ರಲ್ಲಿ ಲೂಯಿ ವಿಟಾನ್ ಎಂಬ ದುಬಾರಿ ಫ್ಯಾಷನ್ ಕಂಪನಿಯ ಕೈಚೀಲಗಳಿಗೆ ಬಣ್ಣ ತುಂಬಿದ್ದು, ಸಂಗ್ರಹಾಲಯದ ಗೋಡೆಯ ಚಿತ್ರವನ್ನೇ ಕೀಲಿಕೈ ಗೊಂಚಲಿಗೂ ಇಳಿಸಿದ್ದು ದುಡ್ಡಿಗಾಗಿಯೂ ಹೌದು. ಆ ಹಳೆಯ ಸಮತಟ್ಟನ್ನು ಮತ್ತೆ ಹರಡುವುದಕ್ಕಾಗಿಯೂ ಹೌದು. ಬೆಲೆಯ ವಿಷಯದಲ್ಲಿ ಆ ಸಮತಟ್ಟು ಎಲ್ಲಿಯೂ ಕಾಣುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ಅಕ್ಟೋಬರಿನಲ್ಲಿ ಕಲಾವಿದ ಕೇಯಿಚಿ ತಾನಾಮಿಯವರ ಸಿಂಹಾವಲೋಕನ ಪ್ರದರ್ಶನವನ್ನು ಟೋಕಿಯೊದ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ನೋಡಿದೆ. 1936ರಲ್ಲಿ ಹುಟ್ಟಿದ ಅವರು ಆ ಪ್ರದರ್ಶನ ಆರಂಭವಾದ ಎರಡೇ ದಿನಕ್ಕೆ, ಆಗಸ್ಟ್ 9ರಂದು, ತೀರಿಕೊಂಡಿದ್ದರು. ಅವರ ಚಿತ್ರಗಳ ತುಂಬ ಈಜುವ, ಕಣ್ಣು ಕುಕ್ಕುವ ಬಣ್ಣದ ಹೊನ್ನಮೀನುಗಳು ಯುದ್ಧಕಾಲದವು. ಬಾಂಬು ದಾಳಿಯ ಬೆಳಕು ಅಜ್ಜನ ಮೀನಿನ ತೊಟ್ಟಿಯಲ್ಲಿ ಹೊಳೆದುದನ್ನು ಕಂಡ ಮಗುವಿನ ನೆನಪು. ಅಲ್ಲಿಂದ ನಾನು ಯಾವ ಆಕಾರವನ್ನೂ ತರಲಿಲ್ಲ, ತರಬಾರದೆಂದು ಅನ್ನಿಸಿತು.

ಧಾರೆ ಸಿದ್ಧವಿತ್ತು, ಮೋಡ ಸಿದ್ಧವಿತ್ತು; ಪಾತ್ರವೇ ಇರಲಿಲ್ಲ. ಲೋಟಕ್ಕೆ ಮುಖ ಬರೆದಾಗಲೆಲ್ಲ ಅದು ಹಲ್ಲುಪುಡಿಯ ಜಾಹೀರಾತಿನಂತೆ ನಗುತ್ತಿತ್ತು. ನವೆಂಬರಿನ ಮೊದಲ ವಾರ, ಹಿಮ ಬಿದ್ದು ದಾರಿ ಮುಚ್ಚುವ ಮುನ್ನ, ಆವೊಮೊರಿಗೆ ಹೊರಟೆ. ಟೋಕಿಯೊದಿಂದ ಶಿನ್‌ಕಾನ್‌ಸೆನ್ ರೈಲಿನಲ್ಲಿ ಉತ್ತರಕ್ಕೆ ಮೂರು ಗಂಟೆಗೆ ಮೇಲ್ಪಟ್ಟ ಪ್ರಯಾಣ. ಅದು ಯೊಶಿತೊಮೊ ನಾರಾ ಅವರ ಸೀಮೆ. 1959ರಲ್ಲಿ ಅದೇ ಪ್ರಾಂತದ ಹಿರೊಸಾಕಿಯಲ್ಲಿ ಹುಟ್ಟಿ, ಜರ್ಮನಿಯ ಡ್ಯುಸೆಲ್ಡಾರ್ಫಿನಲ್ಲಿ ಓದಿದವರು. ದೊಡ್ಡ ತಲೆಯ, ಬಾಯಿ ಬಿಗಿದ, ಒಮ್ಮೊಮ್ಮೆ ಕೈಯಲ್ಲಿ ಪುಟ್ಟ ಚಾಕು ಹಿಡಿದು ಮೇಲ್ಗಣ್ಣಿನಲ್ಲಿ ನಮ್ಮನ್ನು ದಿಟ್ಟಿಸುವ ಹುಡುಗಿಯರನ್ನು ಬರೆದು ಹೆಸರಾದವರು. ಆವೊಮೊರಿ ಕಲಾ ಸಂಗ್ರಹಾಲಯ 2006ರಲ್ಲಿ ಆರಂಭವಾಯಿತು. ಪಕ್ಕದಲ್ಲಿಯೇ ಸನ್ನಾಯಿ-ಮಾರುಯಾಮಾ ಎಂಬ, ಜೋಮನ್ ಎಂದು ಕರೆಯುವ ಇತಿಹಾಸಪೂರ್ವ ಕಾಲದ ನೆಲೆಯಿದೆ; ಆ ಉತ್ಖನನದ ಕಂದಕಗಳನ್ನು ನೆನಪಿಸುವಂತೆ ವಾಸ್ತುಶಿಲ್ಪಿ ಜುನ್ ಆವೊಕಿ ಕಟ್ಟಡವನ್ನು ನೆಲದೊಳಕ್ಕೆ ಇಳಿಸಿದ್ದಾರೆ. ಅಂಥದೊಂದು ಕಂದಕದಲ್ಲಿ, ಬಯಲಿನಲ್ಲಿಯೇ, ನಾರಾ ಅವರ 8.5 ಮೀಟರ್ ಎತ್ತರದ ಬಿಳಿ ನಾಯಿ ಕುಳಿತಿದೆ. ಅದರ ಹೆಸರು ‘ಆವೊಮೊರಿ-ಕೆನ್’. ಕೆನ್ ಎಂದರೆ ಪ್ರಾಂತವೂ ಹೌದು, ನಾಯಿಯೂ ಹೌದು.

ಮೆಟ್ಟಿಲುಗಳನ್ನು ಇಳಿದು ಅದರ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಮುಂದೊಂದು ಊಟದ ಬಟ್ಟಲು, ತಗ್ಗಿದ ತಲೆ, ಕೆಳಗಿಳಿದ ರೆಪ್ಪೆ. ಅದು ನಮ್ಮನ್ನು ಒಲಿಸಿಕೊಳ್ಳಲು ಏನೂ ಮಾಡುವುದಿಲ್ಲ. ಆದರೂ ಬಂದವರೆಲ್ಲ ಅದರ ಹತ್ತಿರ ಹೋಗುತ್ತಾರೆ, ಮಕ್ಕಳಂತೂ ಓಡುತ್ತಾರೆ. ಪ್ರೀತಿ ಹುಟ್ಟಿಸಬೇಕಾದ ಪಾತ್ರ ನಗಲೇಬೇಕೆಂಬ ನನ್ನ ನಂಬಿಕೆ ಅಲ್ಲಿ ಸಡಿಲಾಯಿತು. ನಾರಾ ಅವರನ್ನು ಪಾಪ್ ಕಲಾವಿದರೆಂದು, ಅಂದರೆ ಕಾಮಿಕ್ಸು ಜಾಹೀರಾತುಗಳಂಥ ಜನಪ್ರಿಯ ಚಿತ್ರಗಳಿಂದ ಕಲೆ ಕಟ್ಟುವವರೆಂದು, ಕರೆಯಬಹುದೇ ಎಂಬ ಚರ್ಚೆ ಇದ್ದೇ ಇದೆ. ನನಗೆ ಬೇಕಾಗಿದ್ದುದು ಆ ಚರ್ಚೆಯಲ್ಲ. ನಗದಿರುವುದಕ್ಕೆ ಒಂದು ಅನುಮತಿ.

ಕಣ್ಣು ಸಿಕ್ಕಿದ್ದು ಹಿಂದಿರುಗುವ ರೈಲಿನಲ್ಲಿ. ಕೆಲಸ ಒಪ್ಪಿಸುವುದು ತಡವಾಗುತ್ತದೆಂದು ನಾನು ಕಳಿಸಿದ ಸಂದೇಶಕ್ಕೆ ಸ್ಟುಡಿಯೋದ ಕಿರಿಯ ಸಹೋದ್ಯೋಗಿ ಉತ್ತರವಾಗಿ ಕಳಿಸಿದ್ದು ಇಷ್ಟೇ: ಠ_ಠ. ಜಪಾನೀಯರು ಚಿಹ್ನೆಗಳಿಂದ ಬರೆಯುವ ಮುಖಗಳು ನೆಟ್ಟಗೆ ನಿಂತಿರುತ್ತವೆ, ಭಾವವನ್ನೆಲ್ಲ ಕಣ್ಣಿನಲ್ಲಿಯೇ ಹೇಳುತ್ತವೆ. ಯೂನಿಕೋಡಿನ ದಯೆಯಿಂದ ಅವುಗಳ ಮಾದರಿಯ ಮುಖವೊಂದಕ್ಕೆ ನಮ್ಮ ಠಕಾರ ಒದಗಿಬಂದು, ‘ಒಪ್ಪಿಗೆಯಿಲ್ಲ’ ಎಂಬ ದುರುಗುಟ್ಟುವಿಕೆಯಾಗಿ ಜಗತ್ತಿನ ಅಂತರ್ಜಾಲವನ್ನೆಲ್ಲ ಸುತ್ತಿದೆ. ಅದು ಕನ್ನಡದ ಅಕ್ಷರವೆಂದು ಆ ಹುಡುಗನಿಗೆ ಗೊತ್ತಿರಲಿಲ್ಲ. ಒಂದು ಬಗೆಯ ಕಣ್ಣು ಎಂದಷ್ಟೇ ತಿಳಿದಿದ್ದ. ನಾನೂ ಇಷ್ಟು ವರ್ಷ ಅದನ್ನು ಒಂದು ತಮಾಷೆಯೆಂದು ನೋಡಿ ದಾಟಿದ್ದೆ. ಆ ಸಂಜೆ ಮಾತ್ರ ಮಿಸ್ಟರ್ ಡಾಬ್ ನೆನಪಾದ. 1993ರಲ್ಲಿ ಹುಟ್ಟಿದ ಆ ಪಾತ್ರದ ಒಂದು ಕಿವಿಯ ಮೇಲೆ ‘ಡಿ’, ಇನ್ನೊಂದರ ಮೇಲೆ ‘ಬಿ’, ನಡುವಿನ ದುಂಡು ಮುಖವೇ ‘ಓ’. ‘ಯಾಕೆ ಯಾಕೆ’ ಎಂಬ ಮಾತಿನ ಅಪಭ್ರಂಶವಾದ ‘ದೊಬೊಜಿತೆ’ಯಿಂದ ಅವನ ಹೆಸರು ಬಂದಿದೆ. ಅವನು ಅಕ್ಷರಗಳಿಂದಲೇ ಕಟ್ಟಿದ ಮುಖ. ಹಾಗಾದರೆ ನನ್ನ ಲೋಟಕ್ಕೆ ಎರಡು ಠಕಾರ ಸಾಕು, ಬಾಯಿ ಬೇಡವೇ ಬೇಡ.

ಒಡತಿಗೆ ಅದನ್ನು ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡರು.

‘ದುಡ್ಡು ಕೊಟ್ಟು ಕಾಫಿ ಕುಡಿಯಲು ಬಂದವರನ್ನು ಲೋಟ ಹೀಗೇಕೆ ದುರುಗುಟ್ಟಿ ನೋಡಬೇಕು?’

‘ಅಕ್ಕಾ, ಕಾಫಿ ಆರಲು ಬಿಟ್ಟು ಕುಡಿಯುವವರನ್ನು ಅದು ನೋಡುತ್ತಿರುವುದು,’ ಎಂದೆ. ಅವರಿಗೆ ನಗು ಬಂತು. ಅವರ ತಂದೆಯವರು, ಕಾಫಿ ತಣ್ಣಗಾಗಲು ಬಿಟ್ಟು ಪತ್ರಿಕೆ ಓದುತ್ತ ಕೂತವರನ್ನು ಇದೇ ರೀತಿ ನೋಡುತ್ತಿದ್ದರಂತೆ. ‘ಕಾಫಿ’ ಎಂಬ ಪದವೂ ಕನ್ನಡದಲ್ಲಿ ದೊಡ್ಡದಾಗಿ ಇರಲೇಬೇಕೆಂಬ ಒಂದು ಷರತ್ತಿನ ಮೇಲೆ ಅವರು ಒಪ್ಪಿದರು. ಆ ಷರತ್ತನ್ನು ಕೊನೆಗೆ ತೆಗೆದುಹಾಕಿದ್ದು ನಾನಲ್ಲ, ಬಣ್ಣ ಹಾಕುವ ವಿಧಾನ.

ತೆನುಗುಯಿಗಳನ್ನು ಚೂಸೆನ್ ಎಂಬ ಪದ್ಧತಿಯಲ್ಲಿ ಹಾಕಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಡಿಸೆಂಬರಿನಲ್ಲಿ ನಾನು ಹೋದ ಬಣ್ಣದ ಕಾರ್ಖಾನೆಯಲ್ಲಿ ಇದ್ದವರು ಐದೇ ಜನ. ಕೆತ್ತಿದ ಅಚ್ಚುಕಾಗದವನ್ನು ಚೌಕಟ್ಟಿಗೆ ಬಿಗಿದು ಬಟ್ಟೆಯ ಮೇಲಿಟ್ಟು, ಬಣ್ಣ ತಡೆಯುವ ಅಂಟನ್ನು ಮರದ ಪಟ್ಟಿಯಿಂದ ಎಳೆಯುತ್ತಾರೆ. ಅಂಟು ಕೂತ ಜಾಗ ಬಿಳಿಯಾಗಿ ಉಳಿಯುತ್ತದೆ. ಆಮೇಲೆ ಉದ್ದನೆಯ ಥಾನನ್ನು ಅಚ್ಚಿನ ಅಳತೆಗೆ ಸರಿಯಾಗಿ ಒಂದು ಮಡಿಕೆ ಮಡಿಸಿ ಮತ್ತೆ ಅಂಟು, ಮತ್ತೆ ಮಡಿಕೆ. ಹೀಗೆ ಹಲವು ಪದರಗಳ ಕಟ್ಟು ತಯಾರಾದ ಮೇಲೆ, ಬೇರೆ ಬೇರೆ ಬಣ್ಣ ಬೀಳಬೇಕಾದ ಜಾಗಗಳ ಸುತ್ತ ಅದೇ ಅಂಟಿನಿಂದ, ಗದ್ದೆಗೆ ಬದು ಹಾಕಿದಂತೆ, ಒಡ್ಡು ಕಟ್ಟುತ್ತಾರೆ. ಕುಶಲಕರ್ಮಿ ಉದ್ದ ಮೂತಿಯ ಪಾತ್ರೆಯಿಂದ ಬಣ್ಣ ಹೊಯ್ಯುತ್ತಾರೆ. ಕೆಳಗಿನಿಂದ ಯಂತ್ರ ಅದನ್ನು ಎಲ್ಲ ಪದರಗಳ ಮೂಲಕ ಹೀರಿಕೊಳ್ಳುತ್ತದೆ. ಕಟ್ಟನ್ನು ಮಗುಚಿ ಇನ್ನೊಂದು ಕಡೆಯಿಂದಲೂ ಹೊಯ್ಯುತ್ತಾರೆ. ಎರಡು ಕೈಯಲ್ಲಿ ಎರಡು ಪಾತ್ರೆ ಹಿಡಿದು, ಮೊಣಕೈ ಎತ್ತಿ, ಒಂದು ಹನಿ ಆಚೀಚೆ ಬೀಳದಂತೆ ಅವರು ಹೊಯ್ಯುತ್ತಿದ್ದುದನ್ನು ನೋಡಿ, ನನ್ನ ಚಿತ್ರದಲ್ಲಿ ಕಾಫಿ ಹೊಯ್ಯುವ ಕೈಯನ್ನು ತಪ್ಪಾಗಿ ಬರೆದಿದ್ದೇನೆಂದು ಗೊತ್ತಾಯಿತು; ನನ್ನ ಕೈ ಮಣಿಕಟ್ಟಿನಲ್ಲಿ ಬಾಗಿತ್ತು, ಅವರ ಬಾಗು ಭುಜದಲ್ಲಿತ್ತು. ಮರುದಿನವೇ ತಿದ್ದಿದೆ.

ಬಣ್ಣ ಬಟ್ಟೆಯ ಆಚೆಗೂ ಇಳಿಯುವುದರಿಂದ ಚೂಸೆನ್ ಬಟ್ಟೆಗೆ ಹಿಂಬದಿ ಎಂಬುದಿಲ್ಲ. ಚಿತ್ರಕ್ಕೆ ಇದು ಲಾಭ, ಬರಹಕ್ಕೆ ನಷ್ಟ: ಒಂದು ಬದಿಯಲ್ಲಿ ‘ಕಾಫಿ’ ಎಂದಿದ್ದರೆ ಇನ್ನೊಂದು ಬದಿಯಲ್ಲಿ ಕನ್ನಡಿಯೊಳಗಿನ ಅಕ್ಷರ. ಜೊತೆಗೆ ಫಕಾರದ ಒಳಗಿನ ಸಣ್ಣ ಸೀಳು ಬಣ್ಣ ಹರಡಿ ಮುಚ್ಚಿಹೋಗುವುದೆಂದು ಕುಶಲಕರ್ಮಿ ಉಗುರಿನಿಂದ ತೋರಿಸಿದರು. ಠಕಾರ ಮಾತ್ರ ಉಳಿಯಿತು. ತಲೆಕಟ್ಟಿನ ಬಾಲ ಆ ಕಡೆಗೆ ತಿರುಗಿದರೂ ದುಂಡು ದುಂಡಾಗಿಯೇ, ಚುಕ್ಕೆ ಚುಕ್ಕೆಯಾಗಿಯೇ ಇರುತ್ತದೆ. ತಲೆಕಟ್ಟು ಆಗ ಇನ್ನೊಂದು ಕಡೆಗೆ ಎತ್ತಿದ ಹುಬ್ಬಿನಂತೆ ಕಾಣುತ್ತದೆ. ಚುಕ್ಕೆಯನ್ನು ಇನ್ನಷ್ಟು ದಪ್ಪ ಮಾಡಿ ಎಂದರು, ಮಾಡಿದೆ. ಲೋಟದ ಸುತ್ತ ಕಾಮಿಕ್ಸಿನಂತೆ ಒಂದೇ ದಪ್ಪದ ಕಪ್ಪು ಗೆರೆ ಬೇಕೆಂದಿದ್ದೆ. ಅದು ಬೇಡ, ಗೆರೆಯ ಜಾಗವನ್ನು ಬಿಳಿಯಾಗಿ ಬಿಡಿ ಎಂದರು, ಬಿಟ್ಟೆ. ಮುರಾಕಾಮಿಯವರ ಕ್ಯಾನ್ವಾಸಿನ ಕನ್ನಡಿಯಂಥ ನುಣುಪು ಪದರದ ಮೇಲೆ ಪದರ ಬಳಿದು, ಉಜ್ಜಿ, ಮತ್ತೆ ಬಳಿದು ಅನೇಕ ಸಹಾಯಕರು ತಂದದ್ದು. ಇಲ್ಲಿ ಬಣ್ಣದ ಅಂಚು ಕೂದಲೆಳೆಯಷ್ಟು ಹರಡಿಯೇ ಹರಡುತ್ತದೆ. ಹನ್ನೊಂದು ಬಣ್ಣಗಳಿಂದ ಹೊರಟಿದ್ದ ನಾನು ನೀಲಿ ಮತ್ತು ಕಂದು, ಎರಡಕ್ಕೆ ಬಂದು ನಿಂತಿದ್ದೆ.

ಜನವರಿಯಲ್ಲಿ ಮಾದರಿ ಬಟ್ಟೆ ಬಂತು. ಧಾರೆ ಓಡುತ್ತಿತ್ತು, ನೊರೆ ತೇಲುತ್ತಿತ್ತು, ಲೋಟ ಸರಿಯಾಗಿ ದುರುಗುಟ್ಟುತ್ತಿತ್ತು. ಒಡತಿ ಬಟ್ಟೆಯನ್ನು ಕಿಟಕಿಯ ಬಳಿ ಒಯ್ದು ಹಿಡಿದು ನೋಡಿ, ‘ಎಲ್ಲ ಸರಿ, ಆದರೆ ಇದು ಟೀ,’ ಎಂದರು. ಅವರು ಹೇಳಿದ ಮೇಲೆ ನನಗೂ ಹಾಗೆಯೇ ಕಂಡಿತು. ತಪ್ಪು ನಡೆದದ್ದು ನಾನು ತುಂಬಿದ ಆರ್ಡರ್ ಚೀಟಿಯಲ್ಲಿ. ಜಪಾನಿ ಭಾಷೆಯಲ್ಲಿ ಕಂದು ಬಣ್ಣಕ್ಕೆ ‘ಚಾ-ಇರೊ’ ಎನ್ನುತ್ತಾರೆ, ಅಂದರೆ ಅಕ್ಷರಶಃ ಚಹಾದ ಬಣ್ಣ. ನಾನು ಅದನ್ನೇ ಬರೆದಿದ್ದೆ, ಅವರು ಅದನ್ನೇ ಹಾಕಿದ್ದರು.

ಮಾರನೆಯ ಬೆಳಗ್ಗೆ ಒಡತಿ ಇಳಿಸಿಕೊಟ್ಟ ಗಟ್ಟಿ ಡಿಕಾಕ್ಷನ್ನನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಕಾರ್ಖಾನೆಗೆ ಹೋದೆ. ಕುಶಲಕರ್ಮಿ ಬಿಳಿ ಬಟ್ಟೆಯ ಒಂದು ಪಟ್ಟಿ ಹರಿದು ಅದರಲ್ಲಿ ಅದ್ದಿ ಒಣಗಲು ಹಾಕಿದರು. ಉಳಿದುದನ್ನು ಮೂಸಿ ನೋಡಿ, ಒಂದು ಗುಟುಕು ಕುಡಿದು, ಕಣ್ಣು ಅಗಲಿಸಿದರು. ಹಾಲು ಸಕ್ಕರೆ ಇಲ್ಲದೆ ಅದನ್ನು ಯಾರೂ ಕುಡಿಯುವುದಿಲ್ಲವೆಂದು ಹೇಳುವಷ್ಟರಲ್ಲಿ ತಡವಾಗಿತ್ತು. ಪಟ್ಟಿ ಒಣಗಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ಎರಡು ಬಾರಿ ಬಣ್ಣ ಬೆರೆಸಿ ಹೊಂದಿಸಿದರು. ಆಮೇಲೆ ಗೋಡೆಯಲ್ಲಿ ತೂಗುತ್ತಿದ್ದ ಬಣ್ಣದ ಲೆಕ್ಕದ ಕಾರ್ಡನ್ನು ಇಳಿಸಿಕೊಂಡು, ‘ಚಾ-ಇರೊ’ ಎಂದಿದ್ದುದನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ‘ಕೋಹೀ’ ಎಂದು ಬರೆದರು.